ಹಳೇ ಹಗ್ಗದ ಹೆಸರು

(ನಮ್ಮೂರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಓದುವುದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು 30 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಆ ಪದ ನಿಮಗೆಲ್ಲ ಗೊತ್ತು. ಮಕ್ಕಳಿಗೆ ದಿನಾ ಬೈಯುವಾಗ ಬಳಸುತ್ತೀರಿ. ಜಂಕ್. ಜಂಕ್ ಫುಡ್ ತಿನ್ನಬೇಡ ಅಂತೀವಿ. ಈಮೇಲಿನಲ್ಲಿ ಜಂಕ್ ಅಂತ ಒಂದು ಡಬ್ಬಿಯೇ ಇದೆ. ಕೆಲಸಕ್ಕೆ ಬಾರದೆ ಉಳಿದದ್ದು, ಬಿಸಾಡಬೇಕಾದದ್ದು ಅನ್ನೋದೇ ಇವತ್ತು ಅದರ ಅರ್ಥ.

ಈ ಪದ ನನ್ನ ತಲೆಗೆ ಹೊಕ್ಕಿದ್ದು ಒಬ್ಬ ಹುಡುಗಿಯಿಂದ. ಒಂಬತ್ತನೇ ಕ್ಲಾಸಿನವಳು. ನಿಘಂಟಿನಲ್ಲಿ ಇನ್ಯಾವುದೋ ಪದ ಹುಡುಕುತ್ತಿದ್ದಳು. ಎದ್ದು ನಿಂತು ಕೇಳಿದಳು: ‘ಮೇಡಂ, ಜಂಕ್ ಅಂದ್ರೆ ಕಸ ಅಂತಾನೂ ಇದೆ, ಚೀನಾದ ಹಡಗು ಅಂತಾನೂ ಇದೆ. ಹಡಗಿಗೂ ಕಸಕ್ಕೂ ಏನು ಸಂಬಂಧ?’ ನನಗೆ ಗೊತ್ತಿರಲಿಲ್ಲ. ಆದರೂ ಉತ್ತರ ಕೊಟ್ಟುಬಿಟ್ಟೆ. ಹಳೇ ಹಡಗುಗಳನ್ನು ಒಡೆದು ಹಾಕುತ್ತಿದ್ದರು, ಅದಕ್ಕೇ ಇರಬೇಕು ಅಂದೆ. ಅವಳು ತಲೆಯಾಡಿಸಿ ನೋಟ್ಸಿನಲ್ಲಿ ಬರೆದುಕೊಂಡಳು. ನನ್ನ ಊಹೆ ಅವಳ ನೋಟ್ಸಿನಲ್ಲಿ ಉತ್ತರವಾಗಿ ಕೂತಿತು. ಆ ಉತ್ತರ ತಪ್ಪು ಅಂತ ಗೊತ್ತಾಗಿದ್ದು ಮುಂದಿನ ವರ್ಷ. ಅಷ್ಟೊತ್ತಿಗೆ ಅವಳು ಬೇರೆ ಊರಿಗೆ ಹೋಗಿದ್ದಳು. ಆವತ್ತಿನಿಂದ ಈ ಪದದ ಬೆನ್ನು ಹತ್ತಿದ್ದೇನೆ.

ಮೊದಲು ಹಡಗಿನ ವಿಷಯ ಮುಗಿಸಿಬಿಡೋಣ. ಹಡಗಿನ ಜಂಕ್ ಬೇರೆ ಪದ, ಕಸದ ಜಂಕ್ ಬೇರೆ ಪದ. ಉಚ್ಚಾರ ಒಂದೇ, ಕಾಗುಣಿತ ಒಂದೇ, ಹುಟ್ಟು ಬೇರೆ. ಹಡಗಿನ ಹೆಸರು ಬಂದಿದ್ದು ಆಗ್ನೇಯ ಏಷ್ಯಾದಿಂದ. ಜಾವಾ ಮತ್ತು ಮಲಯ ಭಾಷೆಗಳಲ್ಲಿ ದೊಡ್ಡ ಹಡಗಿಗೆ ‘ಜೋಂಗ್’ ಅಂತಾರೆ. ಪೋರ್ಚುಗೀಸರು ಅದನ್ನು ‘ಜುಂಕೊ’ ಅಂದರು. ಯುರೋಪಿನವರ ಬಾಯಿಂದ ಬಾಯಿಗೆ ದಾಟಿ ಇಂಗ್ಲಿಷಿನಲ್ಲಿ ‘ಜಂಕ್’ ಆಯಿತು. ಪೋರ್ಚುಗೀಸರು ಬರುವುದಕ್ಕೂ ಮುಂಚೆ, 14ನೇ ಶತಮಾನದಲ್ಲಿ, ಇಬ್ನ್ ಬತೂತ ಕಲ್ಲಿಕೋಟೆಯಲ್ಲಿ ಚೀನಾದ ಹಡಗುಗಳನ್ನು ಕಂಡ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಇದೇ ಹೆಸರಿನಿಂದ ಕರೆದ. ಅದೇ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೂ ಮಂಗಳೂರಿಗೂ ಬಂದು ಹೋದವನು. ನಮ್ಮ ಕರಾವಳಿಗೆ ಹತ್ತಿರದ ಪದ ಈ ಹಡಗಿನ ಜಂಕ್.

ಕಸದ ಜಂಕ್ ಹುಟ್ಟಿದ್ದು ಇಂಗ್ಲೆಂಡಿನ ಬಂದರುಗಳಲ್ಲಿ. ಅದೂ ಹಡಗಿನವರ ಪದವೇ, ಆದರೆ ಹಡಗಿನ ಹೆಸರಲ್ಲ. ಸುಮಾರು 600 ವರ್ಷಗಳ ಹಿಂದೆ ‘ಜಂಕ್’ ಅಂದರೆ ಒಂದೇ ವಸ್ತು: ಹಳೇ ಹಗ್ಗ. ಸವೆದ, ಭಾರ ತಡೆಯದ, ತುಂಡು ತುಂಡಾಗಿ ಕತ್ತರಿಸಿಟ್ಟ ಹಡಗಿನ ಹಗ್ಗ.

ಹಗ್ಗಕ್ಕೆ ಯಾಕೆ ಬೇರೆ ಹೆಸರು ಬೇಕಾಯಿತು? ಹಾಯಿ ಹಡಗಿನಲ್ಲಿ ಎಷ್ಟು ಹಗ್ಗ ಇರುತ್ತಿತ್ತು ಅಂತ ನೋಡಿದರೆ ಗೊತ್ತಾಗುತ್ತದೆ. ‘ವಿಕ್ಟರಿ’ ಅನ್ನುವ ಇಂಗ್ಲಿಷ್ ಯುದ್ಧನೌಕೆ ನೀರಿಗಿಳಿದದ್ದು 1765ರಲ್ಲಿ. ಇವತ್ತಿಗೂ ಪೋರ್ಟ್ಸ್‌ಮತ್‌ನಲ್ಲಿ ಇಟ್ಟಿದ್ದಾರೆ, ಹೋದರೆ ನೋಡಬಹುದು. ಅದಕ್ಕೆ ಬೇಕಾಗುತ್ತಿದ್ದ ಹಗ್ಗದ ಉದ್ದ ಸುಮಾರು 42 ಕಿಲೋಮೀಟರ್. ಒಂದೇ ಹಡಗಿಗೆ! ಲಂಗರಿನ ಹಗ್ಗವಂತೂ ಇಬ್ಬರು ಸೇರಿದರೂ ಎತ್ತಲಾಗದಷ್ಟು ದಪ್ಪ. ಇಷ್ಟು ಹಗ್ಗ ಹೊಸೆಯಲು ಉದ್ದುದ್ದ ಕಟ್ಟಡಗಳೇ ಬೇಕಾಗಿದ್ದವು. ಚಾಥಮ್ ಎಂಬ ಊರಿನಲ್ಲಿ ಅಂಥದ್ದೊಂದು ಕಟ್ಟಡ ಇದೆ. ಸುಮಾರು 346 ಮೀಟರ್ ಉದ್ದ. ಈ ತುದಿಯಲ್ಲಿ ನಿಂತವರ ಮುಖ ಆ ತುದಿಯವರಿಗೆ ಕಾಣುವುದಿಲ್ಲ. ಉದ್ದದ ಹಗ್ಗ ಹೊಸೆಯಬೇಕಾದರೆ ಅಷ್ಟೇ ಉದ್ದದ ಜಾಗ ಬೇಕು, ಅಲ್ವಾ?

ಸೆಣಬಿನಂಥ ಹೆಂಪ್ ಎಂಬ ಗಿಡದ ನಾರಿನಿಂದ ಹಗ್ಗ ಹೊಸೆದು ಟಾರು ಹಚ್ಚುತ್ತಿದ್ದರು. ಉಪ್ಪು ನೀರು, ಬಿಸಿಲು, ಗಾಳಿ ಸೇರಿ ಅದನ್ನು ತಿಂದುಹಾಕುತ್ತಿದ್ದವು. ಸವೆದ ಹಗ್ಗವನ್ನು ನಂಬಿ ಹಾಯಿ ಕಟ್ಟುವ ಹಾಗಿಲ್ಲ. ಬಿರುಗಾಳಿಯಲ್ಲಿ ಕಿತ್ತುಹೋದರೆ ಜೀವಗಳೇ ಹೋಗುತ್ತವೆ. ಹಾಗಾಗಿ ಬದಲಾಯಿಸಲೇಬೇಕು. ಬಿಚ್ಚಿ ತೆಗೆದದ್ದನ್ನು ಸಮುದ್ರಕ್ಕೆ ಎಸೆಯುತ್ತಿದ್ದರಾ? ಇಲ್ಲ. ನಾನು ಇವತ್ತು ಹೇಳಬೇಕಾದ ಮುಖ್ಯ ವಿಷಯ ಇಲ್ಲೇ ಇದೆ. ಜಂಕ್ ಅಂದರೆ ಬಿಸಾಡಿದ ಹಗ್ಗ ಅಲ್ಲ. ಎತ್ತಿಟ್ಟುಕೊಂಡ ಹಗ್ಗ.

ಅದನ್ನು ಮೊಳವೋ ಮಾರೋ ಉದ್ದಕ್ಕೆ ಕತ್ತರಿಸಿ ಇಡುತ್ತಿದ್ದರು. ಹೊರಗಿನ ಎಳೆ ಹಾಳಾಗಿದ್ದರೂ ದಪ್ಪ ಹಗ್ಗದ ಒಳಗಿನ ಎಳೆ ಗಟ್ಟಿಯಾಗಿರುತ್ತಿತ್ತು. ಅದನ್ನು ಬಿಚ್ಚಿ ಸಣ್ಣ ಹುರಿ ಹೊಸೆಯುತ್ತಿದ್ದರು. ಹುರಿಯಿಂದ ಚಾಪೆ ಹೆಣೆಯುತ್ತಿದ್ದರು. ಹಗ್ಗಕ್ಕೆ ಹಗ್ಗ ಉಜ್ಜುವ ಕಡೆ ಆ ಚಾಪೆ ಸುತ್ತುತ್ತಿದ್ದರು. ಹಡಗು ಧಕ್ಕೆಗೆ ಬಡಿಯದ ಹಾಗೆ ಪಕ್ಕಕ್ಕೆ ಇಳಿಬಿಡುವ ಮೆತ್ತೆ ಮಾಡುತ್ತಿದ್ದರು. ಡೆಕ್ ಒರೆಸುವ ಕುಚ್ಚು ಕಟ್ಟುತ್ತಿದ್ದರು. ಇದೆಲ್ಲಕ್ಕೂ ಬಾರದೆ ಉಳಿದದ್ದನ್ನು ಎಳೆ ಎಳೆಯಾಗಿ ಬಿಡಿಸಿದರೆ ಸಿಗುವುದು ಓಕಮ್. ಮರದ ಹಡಗಿನ ಹಲಗೆ ಹಲಗೆಯ ನಡುವೆ ಸಂದಿ ಇರುತ್ತದಲ್ಲ, ಅಲ್ಲಿಗೆ ಈ ಟಾರು ಮೆತ್ತಿದ ನಾರನ್ನು ಉಳಿಯಿಂದ ಬಡಿದು ತುರುಕಿ, ಮೇಲೆ ಕುದಿಯುವ ಟಾರು ಸುರಿಯುತ್ತಿದ್ದರು. ಆಗ ನೀರು ಒಳಗೆ ಬರುತ್ತಿರಲಿಲ್ಲ. ನಿನ್ನೆ ಹಾಯಿ ಎಳೆದ ಹಗ್ಗ ಇವತ್ತು ಹಡಗು ಮುಳುಗದ ಹಾಗೆ ಕಾಯುತ್ತಿತ್ತು.

ಓಕಮ್ ಅನ್ನುವ ಪದವೂ ಒಂದು ‘ಉಳಿಕೆ’ಯೇ. ಹಳೇ ಇಂಗ್ಲಿಷಿನಲ್ಲಿ ಅದರ ಮೂಲ ಅರ್ಥ ‘ಬಾಚಿ ತೆಗೆದದ್ದು’. ನಾರು ಬಾಚುವಾಗ ಬಾಚಣಿಗೆಯಲ್ಲಿ ಉಳಿಯುವ ಒರಟು ಸಿಕ್ಕು. ಇಂಗ್ಲಿಷಿನ ‘ಕೋಂಬ್’ ಅದರೊಳಗೇ ಕೂತಿದೆ.

ಹಳೇ ಹಗ್ಗಕ್ಕೆ ಬೆಲೆ ಇತ್ತು ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಕಳ್ಳತನ. ರಾಜನ ನೌಕಾಪಡೆಯ ಹಗ್ಗ ಕದ್ದು ಮಾರುವವರು ಜಾಸ್ತಿಯಾಗಿದ್ದರು. ಅದಕ್ಕೆ ನೌಕಾಪಡೆಯವರು ಒಂದು ಉಪಾಯ ಮಾಡಿದರು. ಹಗ್ಗ ಹೊಸೆಯುವಾಗಲೇ ಒಳಗೆ ಒಂದು ಗುರುತಿನ ಎಳೆ ಸೇರಿಸಿದರು. ಬೇರೆ ಬಣ್ಣದ್ದೋ, ಉಲ್ಟಾ ಹೊಸೆದದ್ದೋ. ಅದಕ್ಕೆ ‘ರೋಗ್ಸ್ ಯಾರ್ನ್’ ಅಂತ ಹೆಸರು. ಕಳ್ಳನ ಎಳೆ ಅನ್ನಬಹುದು. ಎಷ್ಟು ಚಿಕ್ಕ ತುಂಡು ಮಾಡಿದರೂ ಬಿಚ್ಚಿ ನೋಡಿದರೆ ಆ ಎಳೆ ಸಿಗುತ್ತದೆ, ಇದು ರಾಜನ ಮಾಲು ಅಂತ ಹೇಳುತ್ತದೆ. ಕಸಕ್ಕೆ ಯಾರಾದರೂ ಇಷ್ಟು ಕಾವಲು ಹಾಕುತ್ತಾರಾ?

ನಮಗೆ ಇದು ಹೊಸ ವಿಷಯ ಅಲ್ಲ. ಅಕ್ಕಿ ತೊಳೆದ ನೀರು ನಮ್ಮ ಅಜ್ಜಿಯರಿಗೆ ಕೊಳೆ ನೀರಾಗಿರಲಿಲ್ಲ, ಕಲಗಚ್ಚು ಆಗಿತ್ತು. ಅದು ದನಕ್ಕೆ ಹೋಗುತ್ತಿತ್ತು. ಎಣ್ಣೆ ತೆಗೆದ ಮೇಲೆ ಉಳಿದದ್ದು ಹಿಂಡಿ. ಅಕ್ಕಿ ಪಾಲಿಷ್ ಮಾಡಿದಾಗ ಬಿದ್ದದ್ದು ತೌಡು. ಹರಿದ ಸೀರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯಾಗುತ್ತದೆ. ಇವೆಲ್ಲಕ್ಕೂ ಅವುಗಳದ್ದೇ ಹೆಸರಿದೆ. ಮುಂದೊಂದು ಕೆಲಸ ಕಾದಿರುವ ವಸ್ತುವಿಗೆ ಜನ ಸುಮ್ನೆ ಕಸ ಅನ್ನುವುದಿಲ್ಲ, ಬೇರೆಯೇ ಹೆಸರು ಕೊಡುತ್ತಾರೆ. ನಾವಿಕರಿಗೆ ಜಂಕ್ ಅಂದರೆ ಅಂಥದ್ದೇ ಒಂದು ಹೆಸರಾಗಿತ್ತು.

ಇನ್ನು ಹಗ್ಗದಿಂದ ಆ ಪದ ಮಾಂಸಕ್ಕೆ ದಾಟಿದ್ದು. 18ನೇ ಶತಮಾನದ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ. ಊಟಕ್ಕೆ ಪೀಪಾಯಿಯಲ್ಲಿ ಉಪ್ಪು ಹಾಕಿಟ್ಟ ದನದ ಮಾಂಸ. ಅದು ಕಲ್ಲಿನ ಹಾಗೆ ಆಗಿರುತ್ತಿತ್ತು. ಗಂಟೆಗಟ್ಟಲೆ ನೆನೆಸಿದರೂ ನಾರು ನಾರು. ನಾವಿಕರು ಅದನ್ನೂ ಜಂಕ್ ಅಂದರು. ಅಗಿದರೆ ಹಳೇ ಹಗ್ಗ ಅಗಿದ ಹಾಗೆ. ‘ಜಂಕ್ ಫುಡ್’ ಅನ್ನುವ ಜೋಡಿಪದ ಬಂದದ್ದು 20ನೇ ಶತಮಾನದಲ್ಲಿ. ಆದರೆ ಊಟಕ್ಕೆ ಜಂಕ್ ಅಂತ ಕರೆದವರಲ್ಲಿ ಮೊದಲಿಗರು ಈ ನಾವಿಕರು. ತಿಮಿಂಗಿಲ ಬೇಟೆಯವರೂ ಈ ಪದ ಬಳಸಿದರು. ಸ್ಪರ್ಮ್ ತಿಮಿಂಗಿಲದ ತಲೆಯ ಕೆಳಭಾಗದಲ್ಲಿ ಎಣ್ಣೆ ತುಂಬಿದ ನಾರಿನ ಭಾಗ ಇದೆ, ಅದಕ್ಕೆ ಇವತ್ತಿಗೂ ವಿಜ್ಞಾನಿಗಳು ಜಂಕ್ ಅಂತಾರೆ. ಬೇಟೆಗಾರರಿಗೆ ಅದು ದುಡ್ಡು ತರುವ ಮಾಲಾಗಿತ್ತು.

ಈಗ ಸ್ವಲ್ಪ ಕಷ್ಟದ ವಿಷಯ ಹೇಳಬೇಕು. ಹಗ್ಗ ಬಿಡಿಸಿ ಓಕಮ್ ಮಾಡುತ್ತಿದ್ದವರು ಯಾರು? ಹಡಗಿನಲ್ಲಿ ನಾವಿಕರು ಮಾಡುತ್ತಿದ್ದರು, ನಿಜ. ಆದರೆ 19ನೇ ಶತಮಾನದ ಇಂಗ್ಲೆಂಡಿನಲ್ಲಿ ಈ ಕೆಲಸ ಜೈಲುಗಳಿಗೂ ಬಡವರನ್ನು ಕೂಡಿಹಾಕುತ್ತಿದ್ದ ವರ್ಕ್‌ಹೌಸ್‌ಗಳಿಗೂ ಹೋಯಿತು. ಟಾರು ಮೆತ್ತಿ ಗಟ್ಟಿಯಾದ ಹಗ್ಗ. ಅದನ್ನು ಬೆರಳಲ್ಲೇ ಬಿಡಿಸಬೇಕು. ಉಗುರು ಒಡೆಯುತ್ತದೆ, ಬೆರಳಲ್ಲಿ ರಕ್ತ ಬರುತ್ತದೆ. ದಿನಕ್ಕೆ ಇಷ್ಟು ತೂಕ ಅಂತ ಲೆಕ್ಕ ಕೊಡಬೇಕು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಮಾಡಿದ್ದಾರೆ. ಡಿಕನ್ಸ್ ಬರೆದ ‘ಆಲಿವರ್ ಟ್ವಿಸ್ಟ್’ ಗೊತ್ತಿರಬಹುದು. ಒಂಬತ್ತು ವರ್ಷದ ಆ ಹುಡುಗನಿಗೆ ಉಪಯೋಗದ ಕಸುಬು ಕಲಿಸುತ್ತೇವೆ ಅಂತ ಹೇಳಿ ಅಧಿಕಾರಿಗಳು ಹಚ್ಚುವುದು ಇದೇ ಕೆಲಸಕ್ಕೆ, ಮರುದಿನ ಬೆಳಿಗ್ಗೆ ಆರು ಗಂಟೆಯಿಂದ. ಕವಿ ಆಸ್ಕರ್ ವೈಲ್ಡ್‌ಗೆ 1895ರಲ್ಲಿ ಎರಡು ವರ್ಷ ಕಠಿಣ ಶಿಕ್ಷೆಯಾಯಿತು. ಅವನ ಕೈಗೂ ಇದೇ ಹಗ್ಗ ಬಂತು. ಬಿಡುಗಡೆಯಾದ ಮೇಲೆ ಬರೆದ ಜೈಲಿನ ಕವನದಲ್ಲಿ ಟಾರಿನ ಹಗ್ಗ ಹರಿಯುವ, ಉಗುರಿಂದ ರಕ್ತ ಸೋರುವ ಸಾಲು ಇದೆ. ನಾನು ಆ ಕವನವನ್ನು ಎಷ್ಟೋ ಸಲ ಓದಿದ್ದೆ. ಅಲ್ಲಿರುವ ಹಗ್ಗವೇ ಜಂಕ್ ಅಂತ ಗೊತ್ತಾದ ದಿನ ಆ ಸಾಲನ್ನು ದಾಟಿ ಮುಂದೆ ಹೋಗಲು ಆಗಲಿಲ್ಲ. ಒಂದು ವಸ್ತುವನ್ನು ಪೂರ್ತಿ ಬಳಸುವುದು ಒಳ್ಳೆಯದೇ. ಆದರೆ ಆ ಕೊನೇ ಎಳೆಯವರೆಗೂ ಬಿಡಿಸುವ ಕೈ ಯಾರದ್ದು ಅಂತಲೂ ನೋಡಬೇಕು. ಅದನ್ನು ಬಿಟ್ಟು ಈ ಪದದ ಕಥೆ ಹೇಳುವುದು ನ್ಯಾಯ ಅಲ್ಲ ಅಂತ ನನಗೆ ಅನಿಸುತ್ತದೆ.

ಹಳೇ ಹಗ್ಗದಿಂದ ಕಾಗದವೂ ಆಗುತ್ತಿತ್ತು. ಅಂಗಡಿಯ ಪೊಟ್ಟಣದ ಕಂದು ಕಾಗದವನ್ನು ಹಳೇ ಹಗ್ಗ, ಹರಿದ ಹಾಯಿಗಳನ್ನು ಕುಟ್ಟಿ ಮಾಡುತ್ತಿದ್ದರು. ಆಫೀಸಿನಲ್ಲಿ ಮನಿಲಾ ಕವರ್ ಅಂತೀವಲ್ಲ, ಅದರ ಹೆಸರಿನಲ್ಲೂ ಇದೇ ಕಥೆ ಇದೆ. ಫಿಲಿಪ್ಪೀನ್ಸಿನಲ್ಲಿ ಬಾಳೆ ಜಾತಿಯ ಒಂದು ಗಿಡ ಬೆಳೆಯುತ್ತದೆ. ಅದರ ನಾರಿಗೆ ಮನಿಲಾ ಹೆಂಪ್ ಅಂತ ಹೆಸರು. ಅದರಿಂದ ಒಳ್ಳೇ ಹಡಗಿನ ಹಗ್ಗ ಆಗುತ್ತಿತ್ತು. ಆ ಹಗ್ಗ ಹಳೆಯದಾದಾಗ 19ನೇ ಶತಮಾನದ ಅಮೆರಿಕದಲ್ಲಿ ಕಾಗದ ಮಾಡಿದರು. ಗಟ್ಟಿ, ಹಳದಿ ಮಿಶ್ರಿತ ಬಣ್ಣ. ಈಗಿನ ಕವರು ಮರದ ತಿರುಳಿನದ್ದು. ಹೆಸರು ಮಾತ್ರ ಹಗ್ಗದ್ದು.

ಹಾಗಾದರೆ ಎತ್ತಿಟ್ಟುಕೊಂಡ ವಸ್ತುವಿನ ಹೆಸರು ಕಸದ ಹೆಸರು ಹೇಗಾಯಿತು? ಬಂದರುಗಳ ಹತ್ತಿರ ಹಳೇ ಹಗ್ಗ ಕೊಂಡು ಮಾರುವ ಅಂಗಡಿಗಳಿದ್ದವು. ಹಗ್ಗದ ಜೊತೆ ಹಳೇ ಕಬ್ಬಿಣ, ತಾಮ್ರ, ಹಾಯಿಬಟ್ಟೆ, ಬಾಟಲಿ ಎಲ್ಲ ಬರತೊಡಗಿತು. ಜಂಕ್ ಅಂಗಡಿಗೆ ಬಂದದ್ದೆಲ್ಲ ಜಂಕ್ ಆಯಿತು. ಅಂಗಡಿಗಳು ಬಂದರಿನಿಂದ ಊರೊಳಗೆ ಬಂದವು. ಡಿಕನ್ಸ್‌ನದ್ದೇ ಇನ್ನೊಂದು ಕಾದಂಬರಿ ‘ಬ್ಲೀಕ್ ಹೌಸ್’ನಲ್ಲಿ ಕ್ರೂಕ್ ಎಂಬ ಮುದುಕನ ಅಂಗಡಿ ಬರುತ್ತದೆ. ಲಂಡನ್ನಿನ ಕೋರ್ಟುಗಳ ಪಕ್ಕದ ಗಲ್ಲಿ. ಸಮುದ್ರ ಅಲ್ಲಿಂದ ಎಷ್ಟೋ ದೂರ. ಆದರೂ ಬೋರ್ಡಿನಲ್ಲಿ ‘ಮರೀನ್ ಸ್ಟೋರ್ಸ್’, ಅಂದರೆ ಹಡಗಿನ ಸಾಮಾನು ಅಂತ ಬರೆದಿದೆ. ಒಳಗೆ ಇರುವುದು ಮೂಳೆ, ಚಿಂದಿ, ಹಳೇ ಕಾಗದ, ಬಾಟಲಿ. ನಮ್ಮ ಗುಜರಿ ಅಂಗಡಿಯೇ.

ಅದೇ ಹೊತ್ತಿಗೆ ಹಡಗುಗಳೂ ಬದಲಾದವು. ಬ್ರಿಟಿಷ್ ನೌಕಾಧಿಕಾರಿ ಸ್ಯಾಮ್ಯುಯೆಲ್ ಬ್ರೌನ್ 1808ರ ಸುಮಾರಿಗೆ ಲಂಗರಿಗೆ ಕಬ್ಬಿಣದ ಸರಪಳಿ ತಂದ. ಮೆಲ್ಲಗೆ ದಪ್ಪ ಹಗ್ಗ ಹೋಯಿತು. ಆಮೇಲೆ ಉಗಿ ಎಂಜಿನ್ ಬಂದು ಹಾಯಿ ಹೋಯಿತು. 1860ರಲ್ಲಿ ನೀರಿಗಿಳಿದ ‘ವಾರಿಯರ್’ ಎಂಬ ಯುದ್ಧನೌಕೆಯ ಮೈಯೇ ಕಬ್ಬಿಣದ್ದು. ಕಬ್ಬಿಣದ ಹಡಗಿನ ಮೈಯಲ್ಲಿ ನಾರು ತುರುಕುವ ಸಂದಿ ಎಲ್ಲಿ? ಹಗ್ಗದ ಮುಂದಿನ ಕೆಲಸ ಒಂದೊಂದಾಗಿ ಇಲ್ಲವಾಯಿತು. 1880ರ ದಶಕದ ಹೊತ್ತಿಗೆ ಜಂಕ್ ಅಂದರೆ ಯಾರಿಗೂ ಬೇಡವಾದ ಯಾವುದೇ ಹಳೇ ವಸ್ತು. ಇವೆರಡೂ ಒಟ್ಟೊಟ್ಟಿಗೆ ನಡೆದದ್ದು ಕಾಕತಾಳೀಯ ಅಲ್ಲ ಅಂತ ನನ್ನ ನಂಬಿಕೆ. ಕೆಲಸ ಹೋದ ಮೇಲೆ ಹೆಸರಿನ ಮರ್ಯಾದೆಯೂ ಹೋಯಿತು.

ಆಮೇಲಿನದ್ದು ನಿಮಗೆ ಗೊತ್ತು, ಬೇಗ ಹೇಳುತ್ತೇನೆ. 20ನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಬೀದಿ ಮಾತಿನಲ್ಲಿ ಅಫೀಮು, ಹೆರಾಯಿನ್ ಜಂಕ್ ಆಯಿತು, ಅದರ ಚಟದವನು ಜಂಕಿ ಆದ. 1950ರ ದಶಕದಲ್ಲಿ ಕೇಳದೆ ಬರುವ ಜಾಹೀರಾತು ಪತ್ರ ಜಂಕ್ ಮೇಲ್. 1970ರ ದಶಕದಲ್ಲಿ ಜಂಕ್ ಫುಡ್ ಅನ್ನುವ ಮಾತು ಎಲ್ಲರ ಬಾಯಿಗೆ ಬಂತು. ಆಮೇಲೆ ಸಾಲ ವಾಪಸ್ ಬರುವ ಭರವಸೆ ಕಡಿಮೆ ಇರುವ ಜಂಕ್ ಬಾಂಡ್.

ಒಂದು ಕಡೆ ಮಾತ್ರ ನಿಲ್ಲಬೇಕು. 1972ರಲ್ಲಿ ಸುಸುಮು ಓನೊ ಎಂಬ ವಿಜ್ಞಾನಿ ‘ಜಂಕ್ ಡಿಎನ್‌ಎ’ ಅನ್ನುವ ಮಾತನ್ನು ತಮ್ಮ ಲೇಖನದ ತಲೆಬರಹದಲ್ಲೇ ಬಳಸಿದರು. ನಮ್ಮ ಜೀವಕೋಶದ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಗೆ ಸೂಚನೆ ಕೊಡುವ ಭಾಗ 2 ಪರ್ಸೆಂಟಿಗಿಂತ ಕಡಿಮೆ. ಉಳಿದದ್ದರಲ್ಲಿ ಬಹಳಷ್ಟು ಹಳೇ ಕಾಲದಿಂದ ಉಳಿದುಬಂದ, ಕೆಲಸ ಕಳೆದುಕೊಂಡ ತುಣುಕುಗಳು ಅಂತ ಅವರ ವಾದ. ಅದರಲ್ಲಿ ಕೆಲವು ಭಾಗಗಳು ಬೇರೆ ಜೀನುಗಳನ್ನು ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು ಅಂತ ನೋಡಿಕೊಳ್ಳುತ್ತವೆ ಅಂತ ಆಮೇಲೆ ತಿಳಿಯಿತು. ಎಷ್ಟು ಭಾಗಕ್ಕೆ ಕೆಲಸ ಇದೆ ಅಂತ ವಿಜ್ಞಾನಿಗಳ ನಡುವೆ ಜಗಳ ಇನ್ನೂ ಮುಗಿದಿಲ್ಲ. ಸಿಡ್ನಿ ಬ್ರೆನ್ನರ್ ಎಂಬ ದೊಡ್ಡ ಜೀವವಿಜ್ಞಾನಿ, 2002ರಲ್ಲಿ ನೊಬೆಲ್ ಬಹುಮಾನ ಪಡೆದವರು, ಇಲ್ಲಿ ಒಂದು ಗೆರೆ ಎಳೆದು ತೋರಿಸಿದರು. ಬೇಡದ ವಸ್ತುವಿನಲ್ಲಿ ಎರಡು ಥರ ಇದೆ, ಬಿಸಾಡುವುದು ಗಾರ್ಬೇಜ್, ಇಟ್ಟುಕೊಳ್ಳುವುದು ಜಂಕ್ ಅಂದರು. ನಮ್ಮ ಡಿಎನ್‌ಎಯಲ್ಲಿ ಇರುವುದು ಎರಡನೆಯದ್ದು.

ಇದನ್ನು ಓದಿದಾಗ ನನಗಾದ ಸಂತೋಷ ಹೇಳಲಾರೆ. 600 ವರ್ಷಗಳ ಹಿಂದೆ ಬಂದರಿನ ಜನ ಯಾವ ಅರ್ಥದಲ್ಲಿ ಹೇಳುತ್ತಿದ್ದರೋ ಅದೇ ಅರ್ಥ ಒಂದು ಪ್ರಯೋಗಶಾಲೆಯಲ್ಲಿ ಮತ್ತೆ ಸಿಕ್ಕಿತ್ತು.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಅದರಲ್ಲಿ ಒಂದನ್ನು ಇಲ್ಲಿ ಸೇರಿಸಬೇಕು.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೇಳಿದರು: ‘ಅಲ್ಲಮ್ಮಾ, ಹಳೇ ಹಗ್ಗಕ್ಕೆ ಜಂಕ್ ಅಂತ ಹೆಸರು ಬಂದದ್ದಾದರೂ ಎಲ್ಲಿಂದ? ಅದನ್ನು ಹೇಳಲೇ ಇಲ್ಲವಲ್ಲ.’ ಅವರು ಹೇಳಿದ್ದು ಸರಿ. ವಿದ್ವಾಂಸರು ಇದನ್ನು ಇನ್ನೂ ಖಚಿತ ಮಾಡಿಲ್ಲ. ಹೆಚ್ಚು ಜನ ಮುಂದಿಡುವ ಊಹೆ ಒಂದಿದೆ. ಲ್ಯಾಟಿನ್‌ನಲ್ಲಿ ‘ಯುಂಕುಸ್’ ಅಂದರೆ ನೀರಿನ ಪಕ್ಕ ಬೆಳೆಯುವ ಜೊಂಡುಹುಲ್ಲು. ಹಳೇ ಫ್ರೆಂಚಿನಲ್ಲಿ ಅದು ‘ಜುಂಕ್’ ಆಯಿತು. ಹಿಂದೆ ಜೊಂಡಿನಿಂದಲೂ ಹಗ್ಗ ಹೊಸೆಯುತ್ತಿದ್ದರು. ಹಾಗಾಗಿ ಹುಲ್ಲಿನ ಹೆಸರು ಹಗ್ಗಕ್ಕೆ ಬಂದಿರಬಹುದು. ಅದೇ ಲ್ಯಾಟಿನ್ ಹುಲ್ಲಿನಿಂದ ‘ಜಂಕೆಟ್’ ಅನ್ನುವ ಪದವೂ ಹುಟ್ಟಿದೆ. ಹಿಂದೆ ಜೊಂಡಿನ ಬುಟ್ಟಿಯಲ್ಲಿ ಇಟ್ಟ ಚೀಸ್ ಅಂತ ಅರ್ಥ ಇತ್ತು, ಆಮೇಲೆ ಹಬ್ಬದೂಟ, ಈಗ ಸರ್ಕಾರಿ ಖರ್ಚಿನ ಮೋಜಿನ ಪ್ರವಾಸ. ಊಹೆ ನಿಜವಾಗಿದ್ದರೆ ಜಂಕ್ ಮತ್ತು ಜಂಕೆಟ್ ಅಕ್ಕ ತಂಗಿಯರು.

ತಕ್ಷಣ ಅವರ ಮುಖ ಅರಳಿತು. ‘ಹಾಗಾದ್ರೆ ಜುಂಕ್ ನಮ್ಮ ಜೊಂಡೇ ಅಲ್ವಾ?’

ನನಗೂ ಮೊದಲ ಸಲ ಹಾಗೇ ಅನಿಸಿತ್ತು. ಅರ್ಥ ಒಂದೇ, ಸದ್ದೂ ಹತ್ತಿರ. ಆದರೆ ಅಲ್ಲ. ಲ್ಯಾಟಿನ್ನಿಗೆ ಜೊಂಡು ಹೋಗಿದ್ದಕ್ಕೂ ಸಾಕ್ಷಿ ಇಲ್ಲ, ಅಲ್ಲಿಂದ ಇಲ್ಲಿಗೆ ಬಂದದ್ದಕ್ಕೂ ಇಲ್ಲ. ಲ್ಯಾಟಿನ್ನಿನಲ್ಲಿ ಅದರ ಮೊದಲ ಸದ್ದು ಜ ಅಲ್ಲ, ಯ. ಜ ಬಂದದ್ದು ಎಷ್ಟೋ ಶತಮಾನಗಳ ನಂತರ, ಫ್ರೆಂಚಿನ ದಾರಿಯಲ್ಲಿ. ಸದ್ದು ಒಂದೇ ಇದ್ದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟಿ ನಾನು ಒಮ್ಮೆ ಒಂದು ಮಗುವಿನ ನೋಟ್ಸಿನಲ್ಲಿ ತಪ್ಪು ಬರೆಸಿದ್ದೇನೆ, ಇನ್ನೊಮ್ಮೆ ಆ ಕೆಲಸ ಮಾಡುವುದಿಲ್ಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ತಮ್ಮ ಊರಿನ ಕೆರೆಯಲ್ಲಿ ಜೊಂಡು ಕೊಯ್ದು ಚಾಪೆ ಹೆಣೆಯುವವರು ಇದ್ದರು, ಅಂಚಿನಲ್ಲಿ ಕತ್ತರಿಸಿ ಬಿದ್ದ ತುಂಡಿಗೂ ಅವರದ್ದೇ ಒಂದು ಹೆಸರಿತ್ತು, ನೆನಪಾಗುತ್ತಿಲ್ಲ ಅಂದರು. ಊರಿಗೆ ಹೋದಾಗ ಕೇಳಿಕೊಂಡು ಬರುತ್ತೇನೆ ಅಂತ ಹೇಳಿ ಹೋಗಿದ್ದಾರೆ. ಕಾಯುತ್ತಿದ್ದೇನೆ.